ಬಾಯಿಲ್ಲದ ಕೈ

ರಾಚೆಸ್ಟರ್ ಹಿಲ್ಸ್, ಮಿಶಿಗನ್
೧೫ ನವೆಂಬರ್ ೨೦೧೧

ಬಸಯ್ಯ,

ನಿನ್ನ ಕೈ ನೋಡಿದೆ.

ಎರಡು ವರ್ಷದಿಂದ ನಿನ್ನ ಫೋನಿಲ್ಲ, ಕಾಗದವಿಲ್ಲ. ಅಸ್ಗರಿಯನ್ನು ಮಣ್ಣು ಮಾಡಿದ ದಿನ ಮುನ್ನೂರು ಮೈಲಿ ಕಾರು ಓಡಿಸಿಕೊಂಡು ಬಂದು, ಖಬರಸ್ತಾನದ ಬೇಲಿಯ ಹತ್ತಿರ ನಿಂತು, ಒಂದು ಮಾತಾಡದೆ, ಒಂದು ತುತ್ತು ಉಣ್ಣದೆ ಹೋದೆ. ದುಃಖ ಅಂದುಕೊಂಡೆ. ನನ್ನ ಹೆಂಡತಿಯನ್ನು ತಂಗಿ ಅಂತ ಕರೆದವನು, ಇಪ್ಪತ್ತೈದು ವರ್ಷ ಅವಳ ಕೈಯಡುಗೆ ತಿಂದವನು, ತಡೆದುಕೊಳ್ಳಲಾಗಲಿಲ್ಲ ಅಂದುಕೊಂಡೆ. ಮೊನ್ನೆ ಭಾನುವಾರ ಮತ್ತೆ ನನ್ನ ಮನೆಗೆ ಬಂದೆ. ಟಿವಿಯೊಳಗಿಂದ ಬಂದೆ.

ಅಧ್ಯಕ್ಷಗಿರಿಯ ಟಿಕೆಟ್ಟಿಗಾಗಿ ಒಂದೇ ಪಕ್ಷದ ಎಂಟು ಜನ ಕಿತ್ತಾಡುವ ಚರ್ಚೆ. ನಮ್ಮ ಮನೆಯಿಂದ ಆರು ಮೈಲಿ ದೂರದ ಸಭಾಂಗಣದಲ್ಲೇ ನಡೆಯಿತು. ನಾನು ಮನೆಯಲ್ಲೇ ಕೂತು ನೋಡಿದೆ. ಆ ನಿರೂಪಕಿ ಇದ್ದಾಳಲ್ಲ, ಕೆಂಪು ಕನ್ನಡಕದವಳು, ಯಾರು ಎರಡು ಮಾತು ಹೆಚ್ಚಿಗೆ ಆಡಿದರೂ ಪೆನ್ನಿನಿಂದ ಗಾಜಿನ ಲೋಟ ಕುಟ್ಟುತ್ತಿದ್ದಳು. ಒಂದು ಗಂಟೆ ಕುಟ್ಟಿದ ಮೇಲೆ ಕೇಳಿದಳು: ‘ಮೂರು ವರ್ಷದ ಕೆಳಗೆ ಕಾರು ಕಂಪನಿಗಳನ್ನು ಹಾಗೇ ಮುಳುಗಲು ಬಿಡಬೇಕಿತ್ತು ಅನ್ನುವವರು ಯಾರು? ಭಾಷಣ ಬೇಡ. ಬರೀ ಕೈ.’

ಎಂಟು ಜನರೂ ಎತ್ತಿದರು. ಕಾರು ಮಾಡುವವರ ಊರಿಗೆ ಬಂದು, ನಮ್ಮದೇ ರಸ್ತೆಯಲ್ಲಿ ಕಾರು ಓಡಿಸಿಕೊಂಡು ಬಂದು, ಎತ್ತಿದರು. ಅದಕ್ಕೂ ನಾನು ಅಳ್ಳಾಡಲಿಲ್ಲ. ಅವರಿಂದ ಬೇರೇನು ಬರುತ್ತದೆ.

ಆಮೇಲೆ ಅವಳು ನಕ್ಕು, ‘ನಮ್ಮ ವೀಕ್ಷಕರು ಏನಂತಾರೆ ನೋಡೋಣ’ ಅಂದಳು. ದೇಶದ ಮೂರು ಊರುಗಳ ಮೂರು ಮನೆಗಳಿಗೆ ಕ್ಯಾಮೆರಾ ಇಟ್ಟಿದ್ದರು. ಮೂರನೆಯದು ಶಿಕಾಗೊ ಪಕ್ಕದ ವೆಸ್ಟ್‌ಮಂಟ್. ದೊಡ್ಡ ಸೋಫಾ, ಗೋಡೆಗೆ ತಂಜಾವೂರು ಚಿತ್ರ, ಚೂಡಾ ತುಂಬಿದ ತಟ್ಟೆಗಳು, ನಮ್ಮ ದೇಶದ ಹನ್ನೆರಡು ಮುಖ. ಮಗಳು ಫಲಕ್ ರಜಕ್ಕೆ ಬಂದಿದ್ದಳು. ಅವಳೇ ಮೊದಲು ನೋಡಿದ್ದು. ‘ಅಬ್ಬಾ, ಇಸಂಟ್ ದಟ್ ಬಸಯ್ಯ ಅಂಕಲ್?’

ನೀನೇ. ಕಂದು ಸ್ವೆಟರು. ಬಲಗೈ ಮೇಲೆ. ನಗುತ್ತಿದ್ದೆ.

ಅಸ್ಗರಿಯ ಕುರ್ಚಿ ನಾನು ತೆಗೆದಿಲ್ಲ. ಟಿವಿಯ ಎದುರಿಗೇ ಇದೆ. ನಿನ್ನ ಕೈಯನ್ನು ನಾನೊಬ್ಬನೇ ನೋಡಲಿಲ್ಲ ಅಂತ ತಿಳಿಸಲು ಇಷ್ಟು ಬರೆದೆ.

ಷರೀಫ್


ವೆಸ್ಟ್‌ಮಂಟ್, ಇಲಿನಾಯ್
೨೭ ನವೆಂಬರ್ ೨೦೧೧

ಷರೀಫಾ,

ನಿನ್ನ ಅಕ್ಷರ ನೋಡಿ ಖುಷಿಯಾಯಿತು ಅಂತ ಬರೆದರೆ ನೀನು ಕಾಗದ ಹರಿದು ಹಾಕುತ್ತೀಯ. ಆದರೂ ಆಯಿತು.

ಅದೊಂದು ತಮಾಷೆ ಕಣೋ. ನಮ್ಮ ಬಡಾವಣೆಯ ಶ್ರೀಹರಿಗೆ ಚಾನೆಲ್‌ನಲ್ಲಿ ಯಾರದೋ ಪರಿಚಯ. ‘ನಮ್ಮೋರ ಮುಖ ನ್ಯಾಷನಲ್ ಟಿವಿಯಲ್ಲಿ ಬರತ್ತೆ, ಎಲ್ಲಾ ನಮ್ಮನೆಗೆ ಬನ್ರಿ’ ಅಂತ ಈಮೇಲ್ ಕಳಿಸಿದ. ಮಧ್ಯಾಹ್ನ ಎರಡಕ್ಕೇ ಕ್ಯಾಮೆರಾದವರು ಬಂದು ಯಾರೆಲ್ಲಿ ಕೂರಬೇಕು, ಯಾವಾಗ ಚಪ್ಪಾಳೆ ತಟ್ಟಬೇಕು ಅಂತ ಎರಡೆರಡು ಸಲ ಮಾಡಿಸಿದರು. ಅಂಬುಜಾ ಅವರ ರೇಷ್ಮೆ ಸೀರೆ ಲೈಟಿಗೆ ಹೊಳೆಯುತ್ತದೆ ಅಂತ ಬದಲಾಯಿಸಲು ಹೇಳಿದರು. ಅವರು ‘ಬೇಕಾದ್ರೆ ನಿಮ್ ಲೈಟ್ ಬದಲಾಯಿಸ್ಕೊಳಿ’ ಅಂದರು.

ಮುಗಿದ ಮೇಲೆ ಏನಾಯಿತು ಗೊತ್ತೇ? ಆ ಎಂಟು ಜನರ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ಎಲ್ಲ ಆ ನಿರೂಪಕಿಯ ಬಗ್ಗೆ. ಅಂಬುಜಾ, ‘ಅವಳು ಪಕ್ಷಪಾತಿ ರೀ, ಆ ಬೋಳುತಲೆಯವನಿಗೆ ಎಷ್ಟು ಸಲ ಲೋಟ ಕುಟ್ಟಿದ್ಲು, ಎಣಿಸಿದೀನಿ’ ಅಂದರು. ಅವರ ಯಜಮಾನರು ಶೇಷಗಿರಿ, ‘ಏನ್ ಕಂಟ್ರೋಲು, ಹಂಗಿರಬೇಕು ನೋಡು, ನಮ್ಮ ಅಸೋಸಿಯೇಷನ್ ಮೀಟಿಂಗಿಗೆ ಅವಳನ್ನೇ ಕರೆಸೋಣ’ ಅಂದರು. ‘ಕರೆಸಿ, ಮೊದಲು ನಿಮ್ಮ ಬಾಯೇ ಮುಚ್ಚಿಸ್ತಾಳೆ’ ಅಂದರು ಆಕೆ. ಕನ್ನಡಕ ಎಲ್ಲಿ ಸಿಗುತ್ತದೆ ಅಂತ ಇಬ್ಬರು ಫೋನಿನಲ್ಲಿ ಹುಡುಕಿದರು. ಕೇಳಿದ ಪ್ರಶ್ನೆ ಏನು ಅಂತ ಒಬ್ಬರಿಗೂ ನೆನಪಿರಲಿಲ್ಲ.

ನನ್ನ ಕೈಯ ವಿಚಾರ. ಹಾಳು ಅಭ್ಯಾಸ ಕಣೋ ಅದು. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ಕೆಲಸಗಾರರ ಸಂಘ ಅಂತ ನಾವು ಕಾಲೇಜು ಬಿಟ್ಟು ಓಡಾಡಿದ್ದು, ದಿನಾ ಸಂಜೆ ಹೊಗೆಯಲ್ಲಿ ಕೂತು ಪ್ರತಿಯೊಂದಕ್ಕೂ ಕೈ ಎತ್ತಿದ್ದು. ‘ಕೈ ಎತ್ತಿ’ ಅಂತ ಯಾರೇ ಅಂದರೂ ಇದು ತಾನಾಗಿ ಏಳುತ್ತದೆ. ತಲೆಗೆ ಕೇಳುವುದೇ ಇಲ್ಲ. ಜೊತೆಗೆ ಹನ್ನೆರಡು ಜನರ ಪೈಕಿ ಹನ್ನೊಂದು ಕೈ ಎದ್ದಿದ್ದವು. ನಾನೊಬ್ಬ ಕೂತಿದ್ದರೆ ಕ್ಯಾಮೆರಾ ನನ್ನ ಮುಖಕ್ಕೇ ಬರುತ್ತಿತ್ತು.

ಒಂದು ಮಾತು ನಿನಗೆ ಹೇಳಬೇಕು. ಕೈ ಎತ್ತಿದ ಕೂಡಲೇ ಜಾಹೀರಾತಿಗೆ ಅಂತ ನಮ್ಮ ಟಿವಿ ಆರಿಸಿದರು. ಪರದೆ ಕಪ್ಪಾಯಿತು. ಅದರಲ್ಲಿ ನಮ್ಮದೇ ಬಿಂಬ, ಕೈಗಳು ಇನ್ನೂ ಮೇಲೆ. ಹನ್ನೆರಡು ಜನ ಇದ್ದೆವು. ಹಿಂದೆ ಇನ್ನೊಬ್ಬರು ನಿಂತ ಹಾಗೆ ಕಂಡಿತು, ಎಣಿಸುವವರ ಹಾಗೆ ಬೆರಳು ಮುಂದೆ ಮಾಡಿಕೊಂಡು. ಕ್ಯಾಮೆರಾದವನಿರಬೇಕು.

ಚಳಿ ಶುರುವಾಯಿತು. ಫರ್ನೇಸ್ ಫಿಲ್ಟರ್ ಬದಲಾಯಿಸಿದೆಯಾ? ಆರೋಗ್ಯ ನೋಡಿಕೋ. ಫಲಕ್‌ಗೆ ನನ್ನ ಆಶೀರ್ವಾದ.

ನಿನ್ನ
ಬಸ್ಯಾ


ರಾಚೆಸ್ಟರ್ ಹಿಲ್ಸ್
೪ ಡಿಸೆಂಬರ್ ೨೦೧೧

ಬಸಯ್ಯ,

ಅಭ್ಯಾಸವೇ? ಸಂಘವನ್ನು ಎಳೆದು ತರಬೇಡ. ಅಥವಾ ತಂದರೆ ಪೂರ್ತಿ ತಾ.

ಎಂಬತ್ತಮೂರನೇ ಇಸವಿ. ಭಟ್ಟಿ ಮಾಲೀಕರು ಒಂದೊಂದು ಒಲೆಗೆ ಒಬ್ಬೊಬ್ಬ ಆಳನ್ನು ಬಿಡಿಸಬೇಕು ಅಂದರು. ಯಾರನ್ನು ಅಂತ ನೀವೇ ಸಂಘದಲ್ಲಿ ತೀರ್ಮಾನ ಮಾಡಿ, ನಾವು ಕೆಟ್ಟವರಾಗುವುದಿಲ್ಲ ಅಂದರು. ನಾಚಿಕೆಗೆಟ್ಟವರು, ಕತ್ತಿಯನ್ನು ನಮ್ಮ ಕೈಗೇ ಕೊಟ್ಟರು. ನಮ್ಮ ಸಾಲಿನಲ್ಲಿ ಜರಡಿ ಹಿಡಿಯುತ್ತಿದ್ದ ರೇವಣಪ್ಪಜ್ಜನ ಹೆಸರು ಬಂತು. ಹೊಗೆಗೆ ಅವನ ಕಣ್ಣು ಮಂಜಾಗಿತ್ತು. ಯಾರೂ ಏನೂ ಮಾತಾಡಲಿಲ್ಲ, ಕೈಗಳು ಮಾತ್ರ ಎದ್ದವು. ನಿನ್ನದೂ ಇತ್ತು, ನನ್ನದೂ ಇತ್ತು.

ಎಣಿಸುವ ಕೆಲಸ ಅಸ್ಗರಿಯದು. ಹತ್ತೊಂಬತ್ತರ ಹುಡುಗಿ, ಅಪ್ಪ ದುಡಿಯುತ್ತಿದ್ದ ಭಟ್ಟಿಯಲ್ಲಿ ಮಂಡಕ್ಕಿ ಚೀಲ ಎಣಿಸುತ್ತಿದ್ದಳು, ತಪ್ಪುವುದಿಲ್ಲ ಅಂತ ನಾವೇ ಒಪ್ಪಿಸಿದ್ದೆವು. ಅವಳು ಬೆರಳು ಎತ್ತಿದವಳು ಇಳಿಸಿಬಿಟ್ಟಳು. ‘ಬಾಯಿಲ್ಲದ ಕೈನ ನಾನು ಎಣಿಸಲ್ಲ. ಎತ್ತಿದೋರು ಎದ್ದು ಬರ್ರಿ. ಅಜ್ಜನ ಮುಂದೆ ನಿಂತು ಯಾಕಂತ ಹೇಳ್ರಿ. ಆಮೇಲೆ ಎಣಿಸ್ತೀನಿ’ ಅಂದಳು. ಅಜ್ಜ ಅಲ್ಲೇ ಕೂತಿದ್ದ, ಮಂಜುಗಣ್ಣು ನಮ್ಮ ಕಡೆ ತಿರುಗಿಸಿಕೊಂಡು. ಒಂದೊಂದೇ ಕೈ ಇಳಿಯಿತು. ಮರುದಿನದಿಂದ ಒಲೆ ಹಚ್ಚಲಿಲ್ಲ. ಹನ್ನೊಂದು ದಿನ. ಒಬ್ಬನನ್ನೂ ಬಿಡಿಸಲಾಗಲಿಲ್ಲ.

ಅವಳ ಮಾತನ್ನು ಸಂಘದ ನಿಯಮ ಅಂತ ಕೆಂಪು ಬಣ್ಣದಲ್ಲಿ ಗೋಡೆಗೆ ಬರೆದವನು ನೀನು. ಮಠದ ಮನೆಯ ಹುಡುಗ, ಒಳ್ಳೆಯ ಅಕ್ಷರ. ಈಗ ಕೈ ತಾನಾಗಿ ಏಳುತ್ತದಂತೆ. ನಿಯಮದ ಅರ್ಧವನ್ನು ಮಾತ್ರ ಕೈ ಹೇಗೆ ನೆನಪಿಟ್ಟುಕೊಂಡಿತು?

ಆ ಕನ್ನಡಕದವಳ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಸಂಬಳ ಕೊಡುವುದೇ ಬಾಯಿ ಮುಚ್ಚಿಸಲು. ಕಾರು ಕಂಪನಿ ಮುಳುಗಲಿ ಅಂದರೆ ಏನು ಮುಳುಗುತ್ತದೆ ಅಂತ ಅವಳಿಗೆ ಗೊತ್ತಿಲ್ಲ. ನಿನಗೆ ಗೊತ್ತಿತ್ತು.

ಗೊತ್ತಿಲ್ಲವಾದರೆ ಹೇಳುತ್ತೇನೆ. ಎರಡು ಸಾವಿರದ ಒಂಬತ್ತರ ಮೇ ತಿಂಗಳಲ್ಲಿ ನೀನು ಕೆಲಸ ಮಾಡುವ ಓಕ್ ಬ್ರೂಕ್‌ನ ಕಾರು ಬಿಡಿಭಾಗದ ಕಂಪನಿ ನಮ್ಮ ಕಾರ್ಖಾನೆಯಿಂದ ಕಾರು ಬಾಗಿಲಿನ ರಬ್ಬರ್ ಸೀಲುಗಳನ್ನು ಕೊಳ್ಳುವುದು ನಿಲ್ಲಿಸಿತು. ನಮ್ಮ ಮಾಲಿನ ಅರ್ಧ ನಿಮಗೇ ಹೋಗುತ್ತಿತ್ತು. ಜೂನ್ ಇಪ್ಪತ್ತಾರಕ್ಕೆ ಬಾಗಿಲು ಹಾಕಿದರು. ನಾನು ಹದಿನಾಲ್ಕು ವರ್ಷ ಸೀಲು ತಪಾಸಣೆ ಮಾಡಿದ್ದೆ. ‘ಮೇಲಿನೋರ ತೀರ್ಮಾನ ಕಣೋ, ನಾವೆಲ್ಲ ಕಾಗದ ತಳ್ಳೋರು’ ಅಂತ ನೀನು ಫೋನಿನಲ್ಲಿ ಅಂದೆ. ನಂಬಿದೆ. ಕೆಲಸದ ಜೊತೆಗೇ ಆಸ್ಪತ್ರೆ ವಿಮೆಯೂ ಹೋಯಿತು. ಸೆಪ್ಟೆಂಬರಿನಲ್ಲಿ ಅಸ್ಗರಿಗೆ ಎದೆ ಹಿಡಿಯಲು ಶುರುವಾಯಿತು. ‘ಗ್ಯಾಸು ಕಣ್ರಿ, ನಿಮಗೊಂದು ಕೆಲಸ ಆಗ್ಲಿ, ಆಮೇಲೆ ತೋರಿಸಿದ್ರಾಯ್ತು’ ಅಂತ ಓಮಿನಕಾಳಿನ ನೀರು ಕುಡಿದಳು. ಆರು ವಾರ ಕುಡಿದಳು. ಆಸ್ಪತ್ರೆ ಎರಡು ಮೈಲಿ. ಕಿಟಕಿಯಿಂದ ಅದರ ಬೋರ್ಡು ಕಾಣುತ್ತದೆ. ಅಕ್ಟೋಬರ್ ಹದಿನೆಂಟು, ಭಾನುವಾರ ಬೆಳಿಗ್ಗೆ, ಕುರ್ಚಿಯಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ನಾನು ತಿರುಗಿ ನೋಡುವಷ್ಟರಲ್ಲಿ ಬೆಳ್ಳುಳ್ಳಿ ನೆಲದ ಮೇಲಿತ್ತು.

ಈಗಲೂ ಮನೆಯಲ್ಲಿ ಎಲ್ಲೋ ಒಂದು ಎಸಳು ಸಿಗುತ್ತದೆ. ಸೋಫಾ ಸರಿಸಿದರೆ, ಹೀಟರಿನ ಜಾಲರಿಯಲ್ಲಿ. ಎರಡು ವರ್ಷವಾಯಿತು, ಇನ್ನೂ ಸಿಗುತ್ತದೆ. ಎಷ್ಟು ಬಿಡಿಸಿದ್ದಳೋ.

ಎಲ್ಲ ಇದೆ, ಅವಳ ದನಿ ಮಾತ್ರ ಇಲ್ಲ. ಫೋಟೊ ತೆಗೆದೆವು, ದನಿ ಹಿಡಿದಿಡಲಿಲ್ಲ. ಫಲಕ್ ಎಲ್ಲ ಫೋನು, ಕಂಪ್ಯೂಟರು ಹುಡುಕಿದಳು. ನನಗೆ ಈಗ ಅವಳ ಮಾತು ನೆನಪಾಗುತ್ತದೆ, ಮಾತಿನ ಸದ್ದು ನೆನಪಾಗುವುದಿಲ್ಲ.

ಒಂದೇ ಪ್ರಶ್ನೆ. ಆ ದಿನ ಉಣ್ಣದೆ ಯಾಕೆ ಹೋದೆ?

ಷರೀಫ್


ವೆಸ್ಟ್‌ಮಂಟ್
೮ ಜನವರಿ ೨೦೧೨

ಷರೀಫಾ,

ಈ ಕಾಗದವನ್ನು ಐದು ಸಲ ಬರೆದೆ. ನಾಲ್ಕು ಸುಳ್ಳಾಗಿದ್ದವು.

ಮೇಲಿನವರ ತೀರ್ಮಾನ ಅಲ್ಲ. ಆ ಕೋಣೆಯಲ್ಲಿ ನಾನಿದ್ದೆ. ಎರಡು ಸಾವಿರದ ಒಂಬತ್ತರ ಮೇ ಹದಿನಾಲ್ಕು, ಗುರುವಾರ. ಖರೀದಿ ವಿಭಾಗದ ಏಳು ಜನ. ರಬ್ಬರ್ ಮಾಲು ಕೊಡುವ ಆರು ಕಾರ್ಖಾನೆಗಳಲ್ಲಿ ಎರಡನ್ನು ಉಳಿಸಿಕೊಂಡು ನಾಲ್ಕನ್ನು ಬಿಡಬೇಕಿತ್ತು. ವಿಭಾಗದ ಮುಖ್ಯಸ್ಥ ಗಡಿಯಾರ ನೋಡುತ್ತಿದ್ದ. ‘ಮಾತು ಸಾಕು, ಎಲ್ಲರಿಗೂ ಹಸಿವಾಗಿದೆ, ಬರೀ ಕೈ ಎತ್ತಿ’ ಅಂದ. ನಿಮ್ಮ ಕಾರ್ಖಾನೆಯ ಹೆಸರು ಓದಿದ. ಮೂರು ಕೈ ಎದ್ದವು. ಮೂರು ಎದ್ದಿರಲಿಲ್ಲ. ಅವನು ನನ್ನ ಕಡೆ ನೋಡಿದ. ನಾಲ್ಕನೆಯದು ನನ್ನದು.

ನಿನ್ನ ಗೆಳೆಯ ಅಂತ ಗೊತ್ತಾದರೆ ಪಕ್ಷಪಾತ ಅನ್ನುತ್ತಾರೆ ಅಂತ ಹೆದರಿದೆ. ನನ್ನ ಕೆಲಸ ಹೋಗುತ್ತದೆ ಅಂತಲೂ ಹೆದರಿದೆ. ಎರಡರಲ್ಲಿ ಎರಡನೆಯದೇ ನಿಜ. ಮೊದಲನೆಯದನ್ನು ಆಮೇಲೆ ಹುಟ್ಟಿಸಿಕೊಂಡೆ. ಕೈ ಎಷ್ಟು ಹೊತ್ತು ಮೇಲಿತ್ತು? ಮೂರು ಸೆಕೆಂಡು. ಆಮೇಲೆ ಸ್ಯಾಂಡ್‌ವಿಚ್ ಬಂತು. ತಿಂದೆ.

ಶ್ರೀಹರಿ ಮನೆಯಲ್ಲಿ ಆ ಹೆಂಗಸು ‘ಭಾಷಣ ಬೇಡ, ಬರೀ ಕೈ’ ಅಂದಾಗ ನನಗೆ ಕೇಳಿಸಿದ್ದು ನಮ್ಮ ಮುಖ್ಯಸ್ಥನ ದನಿ. ಅದಕ್ಕೇ ಎದ್ದಿತು. ಸಂಘದ ಅಭ್ಯಾಸದಿಂದಲ್ಲ, ಕಂಪನಿಯ ಅಭ್ಯಾಸದಿಂದ. ಕಪ್ಪು ಪರದೆಯಲ್ಲಿ ಕಂಡದ್ದು ಕ್ಯಾಮೆರಾದವನಲ್ಲ ಅಂತಲೂ ನನಗೆ ಗೊತ್ತು. ಅವನು ನಮ್ಮ ಮುಂದೆ ಇದ್ದ.

ಇನ್ನೊಂದಿದೆ. ಇದನ್ನು ಸಿಂಧುವಿಗೂ ಹೇಳಿಲ್ಲ. ಹೆಂಡತಿಗೆ ಹೇಳಲಾಗದ್ದನ್ನು ನಿನಗೆ ಬರೆಯುತ್ತಿದ್ದೇನೆ.

ಆ ಸಭೆಯ ಎರಡು ದಿನ ಮುಂಚೆ, ಮೇ ಹನ್ನೆರಡಕ್ಕೆ, ಅಸ್ಗರಿ ನನ್ನ ಆಫೀಸಿನ ಮೇಜಿನ ಫೋನಿಗೆ ಕರೆ ಮಾಡಿದ್ದಳು. ನಿಮ್ಮ ಮನೆಯ ನಂಬರು ಕಂಡು ನಾನು ಎತ್ತಲಿಲ್ಲ. ಕೂತು ನೋಡಿದೆ, ಅದು ಬಡಿದುಕೊಳ್ಳುವುದನ್ನು. ಅವಳು ಆ ಫೋನಿನ ವಾಯ್ಸ್‌ಮೇಲ್ ಯಂತ್ರಕ್ಕೆ ಮಾತಾಡಿಟ್ಟಿದ್ದಳು. ಒಂದು ನಿಮಿಷ ಹತ್ತು ಸೆಕೆಂಡು. ಸಭೆ ಮುಗಿದ ಮೇಲೆ, ಸ್ಯಾಂಡ್‌ವಿಚ್ ತಿಂದ ಮೇಲೆ ಕೇಳಿದೆ.

ಆ ಯಂತ್ರ ಇಪ್ಪತ್ತೊಂದು ದಿನಕ್ಕೊಮ್ಮೆ ಕೇಳುತ್ತದೆ. ಅಳಿಸಬೇಕೆ? ಉಳಿಸಬೇಕಾದರೆ ಒಂಬತ್ತು ಒತ್ತಿ. ಫೋನಿನ ಮೇಲೆ ಕೆಂಪು ದೀಪ ಮಿನುಗುತ್ತದೆ. ಪೂರ್ತಿ ಕೇಳದೆ ಒಂಬತ್ತು ಒತ್ತಲು ಬಿಡುವುದಿಲ್ಲ. ನಲವತ್ತಾರು ಸಲ ಕೇಳಿದ್ದೇನೆ, ನಲವತ್ತಾರು ಸಲ ಒತ್ತಿದ್ದೇನೆ. ರಜಾ ತೆಗೆದುಕೊಂಡರೆ ಇಪ್ಪತ್ತೊಂದರ ಲೆಕ್ಕ ನೋಡಿ ತೆಗೆದುಕೊಂಡೆ. ಅವಳ ಮಣ್ಣಿಗೆ ಬರುವ ಹತ್ತೇ ದಿನ ಮುಂಚೆ ಕೇಳಿದ್ದೆ. ಅವಳು ಮಣ್ಣಿನೊಳಗೆ ಹೋಗುತ್ತಿದ್ದಾಳೆ, ನನ್ನ ಕಿವಿಯಲ್ಲಿ ‘ಬಸಯ್ಯಣ್ಣಾ’ ಅನ್ನುತ್ತಿದ್ದಾಳೆ. ನಿನ್ನ ಮನೆಯ ಅನ್ನಕ್ಕೆ ಈ ಕೈ ಹೇಗೆ ಇಡಲಿ? ಅದಕ್ಕೇ ಉಣ್ಣದೆ ಹೋದೆ.

ದನಿ ಇಲ್ಲ ಅಂತ ನೀನು ಬರೆದದ್ದನ್ನು ಓದಿ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತುಬಿಟ್ಟೆ. ಅದು ನಿನ್ನದು. ನಾನು ಕಳ್ಳ. ಮೊಬೈಲಿಗೆ ಹಿಡಿದು ತರಬಹುದಿತ್ತು, ಆ ದನಿಯನ್ನು ಮನೆಯೊಳಗೆ ತರುವ ಧೈರ್ಯ ಇರಲಿಲ್ಲ. ಏನಂದಳು ಅಂತ ಬರೆಯಲೇ? ಕೊನೆಯಲ್ಲಿ ಎರಡು ಮಾತು ನಿನಗೆ ಸಂಬಂಧಿಸಿದ್ದೂ ಇದೆ.

ಬಸಯ್ಯ


ರಾಚೆಸ್ಟರ್ ಹಿಲ್ಸ್
೨೯ ಜನವರಿ ೨೦೧೨

ಬಸಯ್ಯ,

ಮೂರು ವಾರ ಬರೆಯಲಿಲ್ಲ. ಬೇಕೆಂದೇ. ಇಪ್ಪತ್ತೊಂದು ದಿನ ಎಷ್ಟು ಉದ್ದ ಅಂತ ತಿಳಿಯಬೇಕಿತ್ತು.

ನಾನೀಗ ಏರ್‌ಪೋರ್ಟಿನ ಹತ್ತಿರ ಬಾಡಿಗೆ ಕಾರುಗಳನ್ನು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ನಿಲ್ಲಿಸುವ ಕೆಲಸ ಮಾಡುತ್ತೇನೆ. ದಿನಕ್ಕೆ ಎಂಬತ್ತು ಕಾರು. ಪ್ರತಿಯೊಂದು ಬಾಗಿಲು ಹಾಕುವಾಗಲೂ ಅದರ ಅಂಚಿನ ರಬ್ಬರ್ ಸೀಲು ಒತ್ತಿ ನೋಡುತ್ತೇನೆ, ಬಿಡದ ಚಟ. ಈ ಮೂರು ವಾರ ಒಂದೊಂದು ಬಾಗಿಲಿಗೂ ನಿನ್ನ ಕೈ ಸಿಕ್ಕಿಸಿ ಹಾಕಿದೆ. ಇದನ್ನು ನಿನಗೆ ಹೇಳಲೇಬೇಕು.

ನಾಲ್ಕನೆಯ ಕೈ. ಮೂರಾಗಿದ್ದರೆ ಅವಳು ಓಮಿನಕಾಳಿನ ನೀರು ಕುಡಿಯುತ್ತಿರಲಿಲ್ಲ. ನೀನೊಬ್ಬನೇ ಕೊಂದೆ ಅನ್ನಲಾರೆ. ಅಷ್ಟು ದೊಡ್ಡ ಮನುಷ್ಯ ನೀನಲ್ಲ. ಕೆಲಸದ ಬಾಲಕ್ಕೆ ಆಸ್ಪತ್ರೆ ಕಟ್ಟಿದವರು, ಹಸಿವಾಗಿದೆ ಅಂತ ಇನ್ನೂರು ಮನೆಗಳ ಒಲೆ ಆರಿಸಿದವರು, ಅದನ್ನು ಟಿವಿಯಲ್ಲಿ ಆಟವಾಡಿಸಿ ಲೋಟ ಕುಟ್ಟಿದವರು, ಎಲ್ಲರೂ ಇದ್ದಾರೆ. ಅವರಿಗೆ ನಮ್ಮ ನಿಯಮ ಗೊತ್ತಿರಲಿಲ್ಲ. ನಿಯಮ ಬರೆದವನು ಅವರ ನಡುವೆ ಒಬ್ಬ ಕೂತಿದ್ದ, ಒಳ್ಳೆಯ ಅಕ್ಷರದವನು. ನನ್ನ ಎದೆಯಲ್ಲಿ ಸಿಕ್ಕಿಕೊಂಡಿರುವುದು ಇದೇ.

ಅವಳು ಫೋನ್ ಮಾಡಿದ್ದು ನನಗೆ ಗೊತ್ತಿರಲಿಲ್ಲ. ನಿಮ್ಮ ಕಂಪನಿ ನಮ್ಮ ಮಾಲು ಬಿಡುತ್ತದಂತೆ ಅಂತ ಸುದ್ದಿ ಹಬ್ಬಿದಾಗ ‘ಬಸಯ್ಯಣ್ಣಂಗೆ ಒಂದು ಮಾತು ಹೇಳ್ರಿ’ ಅಂದಿದ್ದಳು. ‘ಸ್ನೇಹ ಹಿಡ್ಕೊಂಡು ಕೆಲಸ ಬೇಡಲ್ಲ’ ಅಂದಿದ್ದೆ. ಸುಮ್ಮನಾಗಿದ್ದಳು. ಸುಮ್ಮನಾದಳು ಅಂತ ನಾನು ತಿಳಿದಿದ್ದೆ.

ಏನಂದಳು ಅಂತ ಬರೆಯಬೇಡ. ಒಂದಕ್ಷರ ಬರೆಯಬೇಡ. ಕಾಗದದಲ್ಲಿ ಅವಳು ನಿನ್ನ ಅಕ್ಷರದಲ್ಲಿ ಮಾತಾಡುತ್ತಾಳೆ, ನನಗದು ಬೇಡ. ದನಿ ತಾ. ಮೊಬೈಲಿಗೆ ಹಿಡಿದುಕೊಂಡು ನೀನೇ ತಾ. ಆಮೇಲೆ ನನ್ನ ಮುಖ ನೋಡಬೇಡ.

ಷರೀಫ್


ವೆಸ್ಟ್‌ಮಂಟ್
೧೯ ಫೆಬ್ರವರಿ ೨೦೧೨

ಷರೀಫಾ,

ದನಿ ಹೋಯಿತು.

ಹೇಗೆ ಹೋಯಿತು ಅಂತ ಹೇಳುತ್ತೇನೆ. ನಂಬುವುದು ಬಿಡುವುದು ನಿನಗೆ ಸೇರಿದ್ದು. ಈ ಸಲ ಒಂದೇ ಸಲ ಬರೆಯುತ್ತಿದ್ದೇನೆ.

ಶುಕ್ರವಾರ, ಹದಿನೇಳಕ್ಕೆ, ಇಪ್ಪತ್ತೊಂದನೇ ದಿನ ಬೀಳುತ್ತಿತ್ತು. ಅವತ್ತು ಮೊಬೈಲಿಗೆ ಹಿಡಿದುಕೊಂಡು ಶನಿವಾರ ಬೆಳಿಗ್ಗೆ ಹೊರಡುವುದು ಅಂತ ಸಿಂಧುವಿಗೂ ಹೇಳಿದ್ದೆ. ಎಲ್ಲ ಹೇಳಿದೆ ಅವಳಿಗೆ. ‘ನಾನೂ ಬರ್ತೀನಿ, ಕಾರಲ್ಲೇ ಕೂತಿರ್ತೀನಿ’ ಅಂದಳು.

ಗುರುವಾರ ಸಭೆ ಕರೆದರು. ಅದೇ ಕೋಣೆ, ಅದೇ ಮುಖ್ಯಸ್ಥ. ಇಂಡಿಯಾನಾದ ಒಂದು ಸಣ್ಣ ಕಾರ್ಖಾನೆಯನ್ನು ಬಿಡಬೇಕು. ನೂರ ಹತ್ತು ಜನ ಕೆಲಸ ಮಾಡುತ್ತಾರೆ ಅಂತ ಕಾಗದದಲ್ಲಿತ್ತು. ‘ಚರ್ಚೆ ಬೇಡ, ಬರೀ ಕೈ’ ಅಂದ. ಕೈಗಳು ಎದ್ದವು. ನನಗೆ ಅಸ್ಗರಿಯ ಎಣಿಕೆ ಕೇಳಿಸಿತು. ಒಂದು, ಎರಡು, ಮೂರು. ಮೂರಕ್ಕೇ ನಿಂತಿತು. ನಾಲ್ಕನೆಯದಕ್ಕೆ ಕಾಯುತ್ತಿದ್ದಳು. ನಿನಗೆ ಗೊತ್ತು.

ನಾನು ಎದ್ದು ನಿಂತೆ. ಅವಳು ಆ ಫೋನಿನಲ್ಲಿ ಹೇಳಿದ ಒಂದು ಮಾತನ್ನು ಇಂಗ್ಲಿಷಿನಲ್ಲಿ ಹೇಳಿದೆ. ಬರೆಯಬೇಡ ಅಂದಿದ್ದೀಯ, ಆದರೆ ಇದನ್ನು ಆಗಲೇ ಏಳು ಜನರ ಮುಂದೆ ಆಡಿಬಿಟ್ಟಿದ್ದೇನೆ, ನಿನ್ನಿಂದ ಮುಚ್ಚಿಡುವುದು ಸರಿಯಲ್ಲ: ‘ಅಣ್ಣಾ, ಎತ್ತೋದಾದ್ರೆ ಎದ್ದು ನಿಂತು ಮಾತಾಡಿ ಎತ್ತು. ಎಣಿಸೋಳು ನಾನೇ.’ ಆಮೇಲೆ, ‘ಆ ಕಾರ್ಖಾನೆಗೆ ಈಗಲೇ ಸ್ಪೀಕರ್ ಫೋನಿನಲ್ಲಿ ಕರೆ ಮಾಡೋಣ, ನೂರ ಹತ್ತು ಜನರನ್ನೂ ಕರೆಸಿ, ಒಬ್ಬೊಬ್ಬರೂ ಯಾಕೆ ಅಂತ ಹೇಳೋಣ, ಹೇಳಿದ ಮೇಲೆ ನಾನೂ ಎತ್ತುತ್ತೇನೆ’ ಅಂದೆ. ಯಾರೋ ಒಬ್ಬ ನಕ್ಕ. ಇನ್ನೊಬ್ಬಳು ಕೈ ಇಳಿಸಿದಳು, ಮತ್ತೆ ಎತ್ತಿದಳು. ಐದು ಕೈ. ಆ ಕಾರ್ಖಾನೆ ಉಳಿಯಲಿಲ್ಲ.

ಎರಡು ಗಂಟೆಗೆ ನನ್ನನ್ನು ಕರೆಸಿದರು. ಕೆಲಸದಿಂದ ತೆಗೆದು ಗುರುತಿನ ಕಾರ್ಡು ಕಿತ್ತುಕೊಂಡರು. ಗಾರ್ಡಿನ ಜೊತೆಗೆ ಮೇಜಿಗೆ ಬಂದೆ. ರಟ್ಟಿನ ಪೆಟ್ಟಿಗೆ ಕೊಟ್ಟರು. ಫೋನಿನ ಕೆಂಪು ದೀಪ ಮಿನುಗುತ್ತಿತ್ತು. ಒಂದು ದಿನ ಮುಂಚೆಯೇ ಮಿನುಗುತ್ತಿತ್ತು. ‘ಎರಡು ನಿಮಿಷ ಕೊಡಿ, ಒಂದು ದನಿ ತೆಗೆದುಕೊಳ್ಳಬೇಕು’ ಅಂದೆ. ಮುಟ್ಟುವ ಹಾಗಿಲ್ಲ ಅಂದ. ಬೇಡಿಕೊಂಡೆ. ಅವನೂ ಪಾಪ, ಮೇಲೆ ನೋಡಿದ, ಕ್ಯಾಮೆರಾ ಇತ್ತು. ಹೊರಟ ಮೇಲೆ ಸಿಬ್ಬಂದಿ ವಿಭಾಗದ ಶೈಲಾಗೆ ಫೋನ್ ಮಾಡಿದೆ. ಧಾರವಾಡದ ಹುಡುಗಿ. ‘ಸರ, ನೀವು ಹೋದ ತಾಸಿನಾಗ ಲೈನ್ ತೆಗದಾರ್ರಿ. ನಾ ಎರಡ ಸಲ ನೋಡಿದೆ. ಏನೂ ಉಳದಿಲ್ರಿ’ ಅಂದಳು. ಅವಳು ಅತ್ತಳು. ನನಗೆ ಬರಲಿಲ್ಲ.

ಶ್ರೀಹರಿ ಸಿಕ್ಕಿದ್ದ. ‘ಹೀರೋ ಆಗೋಕ್ ಹೋದ್ರಂತೆ ಬಸಯ್ಯೋರು. ಆ ಟಿವಿಯೋಳಿದ್ದಿದ್ರೆ ಲೋಟ ಕುಟ್ಟಿ ಕೂರಿಸ್ತಿದ್ಲು ನಿಮ್ಮನ್ನ’ ಅಂದ. ನಾನೂ ನಕ್ಕೆ. ಮನೆಗೆ ಬಂದೆ.

ಎರಡೂವರೆ ವರ್ಷ ಬಾಯಿ ಮುಚ್ಚಿಕೊಂಡು ಅವಳ ದನಿ ಉಳಿಸಿದೆ. ಬಾಯಿ ತೆರೆದ ದಿನ ಅದು ಹೋಯಿತು. ಒಂದು ದಿನ ಸುಮ್ಮನಿದ್ದಿದ್ದರೆ ನಿನಗೆ ತಲುಪುತ್ತಿತ್ತು. ಸುಮ್ಮನಿರಬೇಕಿತ್ತೇ? ಮೂರು ದಿನದಿಂದ ಇದನ್ನೇ ಕೇಳಿಕೊಳ್ಳುತ್ತಿದ್ದೇನೆ.

ಅಕ್ಷರ ಅಕ್ಷರ ಬಾಯಿಗೆ ಬರುತ್ತದೆ. ಎಲ್ಲಿ ಉಸಿರು ತೆಗೆದಳು, ಎಲ್ಲಿ ಕುಕ್ಕರ್ ಕೂಗಿತು, ಎಲ್ಲಿ ಸೆರಗು ಬಾಯಿಗಿಟ್ಟುಕೊಂಡ ಹಾಗೆ ಕೆಮ್ಮಿದಳು, ಎಲ್ಲ. ನಿನಗೆ ಸಂಬಂಧಿಸಿದ ಆ ಎರಡು ಮಾತು ಯಾರಿಗೂ ಹೇಳಿಲ್ಲ. ಹೇಳು, ಏನು ಮಾಡಲಿ?

ಬಸ್ಯಾ


ರಾಚೆಸ್ಟರ್ ಹಿಲ್ಸ್
೨೬ ಫೆಬ್ರವರಿ ೨೦೧೨

ಬಸ್ಯಾ,

ನಿನ್ನ ಕಾಗದ ಓದಿ ಕಾರಿನಲ್ಲಿ ಕೂತು ಕಿಟಕಿ ಏರಿಸಿ ಕೂಗಿದೆ. ಆ ರಬ್ಬರು ಒಳ್ಳೆಯದು, ಹೊರಗೆ ಕೇಳಿಸಲಿಲ್ಲ. ನಾವೇ ಮಾಡಿದ್ದಿರಬೇಕು.

ಸುಮ್ಮನಿರಬೇಕಿತ್ತೇ ಅಂತ ಕೇಳಿದ್ದೀಯ. ನನಗೆ ಅವಳ ದನಿ ಬೇಕಿತ್ತು. ಆ ನೂರ ಹತ್ತು ಜನ ನರಕಕ್ಕೆ ಹೋಗಲಿ, ಒಂದು ದಿನ ಬಾಯಿ ಮುಚ್ಚಿಕೊಂಡಿರಬಾರದಿತ್ತೇ ಅಂತ ನಾಲ್ಕು ದಿನ ಅಂದುಕೊಂಡೆ. ಐದನೇ ದಿನ ನಾಚಿಕೆಯಾಯಿತು. ಅವರಲ್ಲಿ ಒಬ್ಬನ ಮನೆಯಲ್ಲಿ ಈಗ ಯಾವಳೋ ಒಬ್ಬಳು ‘ಗ್ಯಾಸು ಕಣ್ರಿ’ ಅನ್ನುತ್ತಿರುತ್ತಾಳೆ, ಅವಳ ಭಾಷೆಯಲ್ಲಿ. ಅಸ್ಗರಿಗೆ ಕೇಳಿದ್ದರೆ ಏನನ್ನುತ್ತಿದ್ದಳು ಅಂತ ನಿನಗೂ ಗೊತ್ತು, ನನಗೂ ಗೊತ್ತು.

ಬರೆದು ಕಳಿಸಬೇಡ. ಫೋನಿನಲ್ಲಿ ಹೇಳಬೇಡ. ನಿಯಮ ಬದಲಾಗಿಲ್ಲ. ಬಾ.

ಮಾರ್ಚ್ ನಾಲ್ಕು, ಭಾನುವಾರ, ಮಧ್ಯಾಹ್ನ ಎರಡು ಗಂಟೆ. ಸಿಂಧು ಕಾರಿನಲ್ಲಿ ಕೂರುವುದು ಬೇಡ, ಒಳಗೆ ಬರಲಿ. ಫಲಕ್ ಇರುತ್ತಾಳೆ. ‘ಡು ವಿ ಹ್ಯಾವ್ ಟು ಬಿ ನೈಸ್ ಟು ಹಿಮ್?’ ಅಂತ ಕೇಳಿದಳು. ಬೇಡ, ಕೇಳಿಸಿಕೊಂಡರೆ ಸಾಕು ಅಂದಿದ್ದೇನೆ. ಅವಳಿಗೆ ಅಮ್ಮನ ಕನ್ನಡ ಪೂರ್ತಿ ತಿಳಿಯುವುದಿಲ್ಲ, ನೀನು ನಿಧಾನ ಹೇಳಬೇಕು.

ನೀನು ನಿಂತಿರಬೇಕು. ನಾನು ಕೂತಿರುತ್ತೇನೆ. ಅವಳ ಕುರ್ಚಿ ನಡುವೆ ಇರುತ್ತದೆ. ಮೊದಲು ಮೇ ಹದಿನಾಲ್ಕರಂದು ಯಾಕೆ ಎತ್ತಿದೆ ಅಂತ ನಿನ್ನ ಮಾತಿನಲ್ಲಿ ಹೇಳು. ಸ್ಯಾಂಡ್‌ವಿಚ್ಚನ್ನೂ ಬಿಡಬೇಡ. ಅದು ಮುಗಿದ ಮೇಲೆ ಮೇ ಹನ್ನೆರಡರಂದು ಅವಳು ಹೇಳಿದ್ದನ್ನು ಅವಳ ಮಾತಿನಲ್ಲಿ ಹೇಳು. ಉಸಿರು ತೆಗೆದ ಕಡೆ ತೆಗೆ. ಕೆಮ್ಮಿದ ಕಡೆ ಕೆಮ್ಮು. ಕುಕ್ಕರ್ ಕೂಗಿದ ಕಡೆ ಸುಮ್ಮನಿರು. ಆ ಎರಡು ಮಾತು ಕೊನೆಗೆ.

ಕ್ಷಮೆ ಕೇಳಬೇಡ. ನನ್ನ ಹತ್ತಿರ ಇಲ್ಲ. ಹೇಳಿದ ಮೇಲೆ ನಿನ್ನನ್ನು ಉಣ್ಣಲು ಕೂರಿಸುತ್ತೇನೋ ಬಾಗಿಲು ತೋರಿಸುತ್ತೇನೋ ನನಗೇ ಗೊತ್ತಿಲ್ಲ. ಅನ್ನ ಮಾತ್ರ ಮಾಡಿಸಿರುತ್ತೇನೆ.

ನಿನ್ನೆ ಕುರ್ಚಿಯ ಮೆತ್ತೆ ಎತ್ತಿ ಗುಡಿಸಿದೆ. ಇನ್ನೊಂದು ಎಸಳು ಸಿಕ್ಕಿತು. ಬಿಸಾಡಲಿಲ್ಲ. ಕುರ್ಚಿಯ ಮೇಲೆಯೇ ಇಟ್ಟಿದ್ದೇನೆ. ಬರುವಾಗ ನೋಡಿ ಬಾ. ಜನವರಿಯ ಕಾಗದದಲ್ಲಿ ನೀನು ಬರೆದ ಹಾಗೆ ಆ ಕೈಯನ್ನು ಅನ್ನಕ್ಕೆ ಹೇಗೆ ಇಡಲಿ ಅಂತ ಯೋಚಿಸುತ್ತ ಮತ್ತೆ ಬೇಲಿಯ ಹತ್ತಿರ ನಿಲ್ಲಬೇಡ. ಆ ಕೈ ಮೇಲೆದ್ದು ಮೂರು ವರ್ಷವಾಗುತ್ತ ಬಂತು. ಅವಳು ಇನ್ನೂ ಎಣಿಸಿಲ್ಲ.

ಕಾಯುತ್ತಿರುತ್ತೇವೆ, ಮೂವರೂ.

ಷರೀಫ್